ಶ್ರೀ ವೀರೇಶ್ವರ ಪುಣ್ಯಾಶ್ರಮವೂ ಅನಾಥ ಕಲಾವಿದರ ಪೋಷಣೆಯೂ

ಕರ್ನಾಟಕದ ಮಠಗಳ ಚರಿತ್ರೆಯನ್ನು ಬರೆಯುವವರು ಅನ್ನದಾಸೋಹ, ಸಂಸ್ಕೃತ ಪಾಠಶಾಲೆ, ಉಚಿತ ಪ್ರಸಾದನಿಲಯ ಇವುಗಳ ಸಂಗತಿಯನ್ನು ವಿಸ್ತಾರವಾಗಿ ನಿರೂಪಿಸುವದು ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ಮಠಗಳು ಸಂಗೀತವಿದ್ಯೆಗೆ ಇತ್ತ ಆಶ್ರಯದ ಮಾತು ಅಂಥ ಗ್ರಂಥಗಳಲ್ಲಿ ಒಂದೆರಡು ವಾಕ್ಯಗಳಲ್ಲಿಯೇ ಮುಗಿದುಹೋಗುವದುಂಟು. ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಇತಿಹಾಸವನ್ನು ಲಕ್ಷ್ಯವಿಟ್ಟು ನೋಡಿದವರಿಗೆ ಈ ಕೊರತೆಯು ಚಿಕ್ಕದೆಂದು ತೋರಲಾರದು. ಕಣ್ಣಿಲ್ಲದ, ಹಣವಿಲ್ಲದ, ಸಂಗೀತಗಾರರ ಮನೆತನದಲ್ಲಿ ಹುಟ್ಟದ ಬಾಲಕರು ನಾಡಿನ ಮುಂದೆ ಕುಳಿತು ಹಾಡುವ ವಿದ್ವಾಂಸರಾದದ್ದು ಹೇಗೆ? ಅವರಿಗೆ ಯಾರು ಏನನ್ನು ಕೊಟ್ಟರು, ಯಾವ ಕ್ರಮದಿಂದ ಕೊಟ್ಟರು? ಇದನ್ನು ಅರಿಯುವದು ಗತಕಾಲದ ಸ್ತುತಿಗಾಗಿ ಮಾತ್ರವಲ್ಲ. ಇಂಥ ಬಾಲಕರು ಇಂದಿಗೂ ಹಳ್ಳಿಹಳ್ಳಿಗಳಲ್ಲಿ ಇರುವದರಿಂದ ಮುಂದಿನ ಕಾರ್ಯಕ್ಕಾಗಿಯೂ ಅವಶ್ಯವಾಗಿರುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಸಂಗೀತವನ್ನು ಕಲಿಯಬೇಕೆಂಬವನಿಗೆ ಮೂರು ಬಾಗಿಲುಗಳಿದ್ದವು. ಮೊದಲನೆಯದು ಮನೆತನ. ಉತ್ತರಾದಿ ಸಂಗೀತದ ಘರಾಣೆಗಳಲ್ಲಿ ವಿದ್ಯೆಯು ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಸಲ್ಲುವದು ರೂಢಿಯಾಗಿದ್ದಿತು. ಹೊರಗಿನವನಿಗೆ ಅದು ದೊರೆಯಬೇಕಾದರೆ ವರ್ಷಗಟ್ಟಲೆ ಸೇವೆಯೂ ಉಸ್ತಾದರ ಕೃಪೆಯೂ ಬೇಕಾಗುತ್ತಿದ್ದವು. ಎರಡನೆಯದು ರಾಜಾಶ್ರಯ. ಮೈಸೂರಿನಂಥ ದೊಡ್ಡ ಸಂಸ್ಥಾನದಲ್ಲಿಯೂ ಮಿರಜೆಯಂಥ ಚಿಕ್ಕ ಸಂಸ್ಥಾನದಲ್ಲಿಯೂ ಗಾಯಕರಿಗೆ ಅನ್ನವಿದ್ದಿತು. ಮೂರನೆಯದು ನಾಟಕ ಕಂಪನಿ. ಧ್ವನಿಯಿದ್ದ ಬಡ ಹುಡುಗನು ಬಾಲಪಾತ್ರಗಳನ್ನು ವಹಿಸಿ, ರಂಗಗೀತಗಳ ಮಾರ್ಗದಿಂದ ರಾಗಗಳ ಪರಿಚಯವನ್ನು ಪಡೆಯುತ್ತಿದ್ದನು. ಧಾರವಾಡ ಸಮೀಪದ ಮನಸೂರಿನ ಮಲ್ಲಿಕಾರ್ಜುನರು ಈ ಮೂರನೆಯ ಬಾಗಿಲಿನಿಂದಲೇ ಬಂದವರು. ಅವರ ರಂಗಗಾಯನವನ್ನು ಕೇಳಿದ ನೀಲಕಂಠಬುವಾ ಅವರು ಅವರನ್ನು ಮಿರಜೆಗೆ ಕರೆದುಕೊಂಡು ಹೋಗಿ ಕಲಿಸಿದರು.

ಈ ಮಿರಜೆಯ ಹೆಸರು ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಗ್ವಾಲಿಯರ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರು ಅಲ್ಲಿ ಶಿಷ್ಯರನ್ನು ತಯಾರಿಸಿದರು. ಅವರ ಶಿಷ್ಯರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಒಬ್ಬರು. ಬಾಲ್ಯದಲ್ಲಿ ಪಟಾಕಿಯ ಮದ್ದಿನಿಂದ ಪಲುಸ್ಕರರ ಕಣ್ಣುಗಳಿಗೆ ಅಪಾಯವಾಯಿತು. ಶಾಲೆಯ ಓದು ಸಾಧ್ಯವಿಲ್ಲದಂತಾದಾಗ ಅವರನ್ನು ಸಂಗೀತಕ್ಕೆ ಹಚ್ಚಿದರು. ಅವರೇ ಮುಂದೆ 1901 ರಲ್ಲಿ ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಮನೆತನದ ಬಾಗಿಲನ್ನು ಸಾರ್ವಜನಿಕರಿಗೆ ತೆರೆದರು. ದೃಷ್ಟಿ ಕುಂದಿದವನಿಗೆ ಸಂಗೀತವು ಜೀವನಮಾರ್ಗವಾಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ಆದರೆ ಪಲುಸ್ಕರರ ಬೆನ್ನಿಗೆ ಮಿರಜೆಯ ಅರಸರ ಆಶ್ರಯವಿದ್ದಿತೆಂಬುದನ್ನು ಮರೆಯಲಾಗದು.

ಆಶ್ರಯವಿಲ್ಲದ ಕುರುಡ ಬಾಲಕನ ಗತಿಯೇನು? ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆಯು ಅಮೃತಸರದಲ್ಲಿ 1887 ರಲ್ಲಿ ಪ್ರಾರಂಭವಾಯಿತು. ಮೈಸೂರಿನಲ್ಲಿ ಮೂಕ ಹಾಗೂ ಅಂಧರ ಶಾಲೆಯು 1901 ರಲ್ಲಿ ಹುಟ್ಟಿತು. ಕನ್ನಡ ಜಿಲ್ಲೆಗಳ ಹಳ್ಳಿಯ ರೈತನಿಗೆ ಇವೆರಡೂ ಎಟುಕದ ದೂರದಲ್ಲಿದ್ದವು. ಸಂಗೀತದ ಮೂರು ಬಾಗಿಲುಗಳೂ ಅಂಥ ಬಾಲಕನಿಗೆ ಮುಚ್ಚಿದಂತೆಯೇ ಇದ್ದವು. ಅವನ ಮನೆತನದಲ್ಲಿ ಸಂಗೀತವಿಲ್ಲ. ಅರಮನೆಗೆ ಕೈಹಿಡಿದು ಕರೆದೊಯ್ಯುವವರಿಲ್ಲ. ರಂಗಭೂಮಿಯ ಮೇಲೆ ತಿರುಗಾಡಿ ಅಭಿನಯಿಸಬೇಕಾದ ಪಾತ್ರಗಳನ್ನು ಕಣ್ಣಿಲ್ಲದವನಿಗೆ ಕೊಡುವವರು ಯಾರು? ಅವನಿಗೆ ಉಳಿದದ್ದು ಸಂತೆಯ ಅಂಚಿನಲ್ಲಿಯೋ ಗುಡಿಯ ಮೆಟ್ಟಿಲಿನ ಮೇಲೆಯೋ ಕುಳಿತು ತನಗೆ ಬಂದ ಪದಗಳನ್ನು ಹಾಡಿ ಕಾಸು ಬೇಡುವದು. ಇಂಥವರಲ್ಲಿ ಎಷ್ಟು ಕಂಠಗಳು ಹಾಗೆಯೇ ನಶಿಸಿಹೋದವೋ ಅದನ್ನು ಲೆಕ್ಕವಿಟ್ಟವರಿಲ್ಲ.

ಇಂಥ ಕಾಲದಲ್ಲಿ ನಾಲ್ಕನೆಯ ಬಾಗಿಲನ್ನು ತೆರೆದವರು ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರಸ್ವಾಮಿಗಳವರು (1867–1930). ಇವರು 1904 ರಲ್ಲಿ ವೀರಶೈವ ಮಹಾಸಭೆಯನ್ನೂ 1909 ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಮಹಾಪುರುಷರೆಂಬುದು ಸರ್ವವಿದಿತ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗುರುಪಾದಯ್ಯ ಹಾಗೂ ನೀಲಮ್ಮ ದಂಪತಿಗಳಿಗೆ ಹುಟ್ಟುಕುರುಡರಾದ ಇಬ್ಬರು ಗಂಡುಮಕ್ಕಳಿದ್ದರು. ಅವರ ಹೆಸರು ಗುರುಬಸಯ್ಯ, ಗದಿಗೆಯ್ಯ. 1892 ರಲ್ಲಿ ಜನಿಸಿದ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧನಾದವನು. ಈ ಸಹೋದರರ ಹಾಡನ್ನು ಕೇಳಿದ ಶ್ರೀಗಳವರು ಅವರಲ್ಲಿಯ ಶಕ್ತಿಯನ್ನು ಗುರುತಿಸಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು.

ಇಲ್ಲಿ ಒಂದು ಸಂಗತಿಯನ್ನು ವಿಚಾರಿಸತಕ್ಕದ್ದಿದೆ. ಆ ಕಾಲದಲ್ಲಿ ಅನಾಥ ಬಾಲಕರಿಗೆ ಮಠದಲ್ಲಿ ಪ್ರಸಾದವು ದೊರೆಯುವದು ಅಪೂರ್ವವಾದುದೇನೂ ಆಗಿರಲಿಲ್ಲ. ಕುರುಡ ಹುಡುಗನಿಗೆ ಎರಡು ಹೊತ್ತಿನ ಅನ್ನವನ್ನಿಟ್ಟು, ಸಂಜೆಯ ಭಜನೆಯಲ್ಲಿ ನಾಲ್ಕು ಪದಗಳನ್ನು ಹಾಡಿಸಿದ್ದರೆ ಲೋಕವು ಅದನ್ನೇ ದೊಡ್ಡ ಪುಣ್ಯವೆಂದು ಹೊಗಳುತ್ತಿದ್ದಿತು. ಶ್ರೀಗಳವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಮಠದೊಳಗೆ ಸಿಗಲಾರದ ವಿದ್ಯೆಯನ್ನು ಮಠದ ಹೊರಗಿನಿಂದ ತಂದುಕೊಡುವ ಹೊಣೆಯನ್ನು ಅವರು ಹೊತ್ತರು. ಗದಿಗೆಯ್ಯನಿಗೆ ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಶಿಕ್ಷಣವಾಯಿತು. ತರುವಾಯ ಮಿರಜೆಯ ಪರಂಪರೆಗೆ ಸೇರಿದ, ಬಾಲಕೃಷ್ಣಬುವಾ ಅವರ ಶಿಷ್ಯರಾದ ನೀಲಕಂಠಬುವಾ ಅವರಿಂದ ಗ್ವಾಲಿಯರ ಪದ್ಧತಿಯ ಉತ್ತರಾದಿ ಸಂಗೀತವೂ, ಕಿರಾಣಾ ಘರಾಣೆಯ ಉಸ್ತಾದ ವಹೀದಖಾನರಿಂದ ಆ ಘರಾಣೆಯ ಗಾಯಕಿಯೂ ಲಭಿಸಿದವು. ದಕ್ಷಿಣಾದಿಯ ವಿದ್ವಾಂಸರು, ಉತ್ತರಾದಿಯ ಬುವಾ, ಮುಸಲ್ಮಾನ ಉಸ್ತಾದರು — ಹೀಗೆ ಯಾರಲ್ಲಿ ವಿದ್ಯೆಯಿದ್ದಿತೋ ಅವರೇ ಗುರುಗಳಾದರು. ಪೋಷಕರು ಸ್ವತಃ ಗವಾಯಿಗಳಾಗಿರಲಿಲ್ಲ. ಆದರೆ ಶಿಷ್ಯನನ್ನು ಯಾರ ಬಳಿಗೆ ಕಳುಹಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಪೋಷಕನ ಧರ್ಮವು ಇಲ್ಲಿಯೇ ಅಡಗಿರುವದು. ತನ್ನಲ್ಲಿಲ್ಲದ ವಿದ್ಯೆಗಾಗಿ ಶಿಷ್ಯನನ್ನು ಬೇರೆಯವರ ಹೊಸ್ತಿಲಿಗೆ ಕಳುಹಿಸುವ ಔದಾರ್ಯವು ಅನ್ನದಾನಕ್ಕಿಂತಲೂ ಕಠಿಣವಾದುದು.

ವಿದ್ಯೆಯನ್ನು ಸಂಪಾದಿಸಿದ ಪಂಚಾಕ್ಷರಿ ಗವಾಯಿಗಳು ಅರಮನೆಯ ಮಾರ್ಗವನ್ನು ಹಿಡಿಯಲಿಲ್ಲ. ತಮ್ಮಂತೆಯೇ ಇದ್ದ ಅಂಧರಿಗೂ ಅನಾಥರಿಗೂ ಕಲಿಸುವದೇ ಅವರ ವ್ರತವಾಯಿತು. ಅವರ ಪಾಠಶಾಲೆಗೆ ಬಹುಕಾಲ ಸ್ವಂತದ ಗೋಡೆಗಳಿರಲಿಲ್ಲ. ಗುರುಗಳು ಶಿಷ್ಯಸಮೂಹವನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವರು. ಒಂದು ಊರಿನಲ್ಲಿ ಭಕ್ತರ ಆಶ್ರಯವಿರುವವರೆಗೆ ಅಲ್ಲಿಯೇ ಪಾಠ, ಅಲ್ಲಿಯೇ ಊಟ. ಮುಂದೆ ಮತ್ತೊಂದು ಊರು. ಗುರುಗಳಿಗೂ ಕಣ್ಣಿಲ್ಲ, ಶಿಷ್ಯರಲ್ಲಿ ಅನೇಕರಿಗೂ ಕಣ್ಣಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೈಲ್ ಲಿಪಿಯು ಗೊತ್ತಾದದ್ದು 1951 ರಲ್ಲಿ. ಆದುದರಿಂದ ಆ ಕಾಲದ ಶಿಷ್ಯನಿಗೆ ಕಿವಿಯೇ ಪುಸ್ತಕ, ನೆನಪೇ ಭಂಡಾರ. ಸ್ವರವನ್ನು ಗುರುವಿನ ಕಂಠದಿಂದ ಹಿಡಿಯಬೇಕು. ತಾಳವನ್ನು ತೊಡೆಯ ಮೇಲಿನ ಕೈಯಿಂದ ಎಣಿಸಬೇಕು. ತಪ್ಪಿದರೆ ತಿದ್ದಿದ ಸ್ವರವನ್ನು ಮತ್ತೆ ಮತ್ತೆ ಹೇಳಿ ಗಟ್ಟಿಮಾಡಿಕೊಳ್ಳಬೇಕು. ಹಿಂದುಸ್ಥಾನಿ ಸಂಗೀತವು ಮೊದಲಿನಿಂದಲೂ ಬಾಯಿಪಾಠದ ವಿದ್ಯೆ. ಓದುಬರಹದಲ್ಲಿ ಕಣ್ಣುಳ್ಳವನಿಗಿಂತ ಹಿಂದುಳಿಯಬೇಕಾಗಿದ್ದ ಬಾಲಕನು ತಂಬೂರಿಯ ಮುಂದೆ ಅವನಿಗೆ ಸಮನಾಗಿ ಕುಳಿತನು. ಈ ಸಮಾನತೆಯನ್ನು ಯಾರೂ ಕೃಪೆಯೆಂದು ಕೊಟ್ಟದ್ದಲ್ಲ. ವಿದ್ಯೆಯ ಸ್ವಭಾವದಿಂದಲೇ ಅದು ಒದಗಿತು.

ಈ ಗುರುಕುಲದಲ್ಲಿ ಅಂಧರೊಡನೆ ಕಣ್ಣುಳ್ಳ ಶಿಷ್ಯರೂ ಇದ್ದರೆಂಬುದನ್ನು ಇಲ್ಲಿ ಹೇಳಬೇಕು. ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರುಗಳು ಅಂಥವರಲ್ಲೊಬ್ಬರು. ಅವರ ತಂದೆಯವರು ಕರ್ನಾಟಕ ಸಂಗೀತವನ್ನು ಬಲ್ಲವರು. ಆದರೂ ಮಗನು ಹದಿಮೂರನೆಯ ವಯಸ್ಸಿನಲ್ಲಿ ಸೇರಿದ್ದು ಪಂಚಾಕ್ಷರಿ ಗವಾಯಿಗಳ ಬಳಗವನ್ನು. ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರೂ ಇದೇ ಗುರುಗಳಲ್ಲಿ ಕಲಿತು ವಚನಗಾಯನದಲ್ಲಿ ಹೆಸರಾದರು. ಕುರುಡನಿಂದ ಕಣ್ಣುಳ್ಳವರು ಕೈಮುಗಿದು ಕಲಿಯುವದನ್ನು ಊರ ಜನರು ಕಂಡರು. ಅಂಧನು ಬೇಡುವವನೆಂಬ ಭಾವನೆಯು ಸಡಿಲಾಗುವದಕ್ಕೆ ನೂರು ಉಪನ್ಯಾಸಗಳಿಗಿಂತ ಈ ಒಂದು ನೋಟವು ಹೆಚ್ಚು ಸಹಾಯಕವಾಯಿತೆನ್ನಬಹುದು.

ಕಲಾವಿದನಿಗೆ ಅನ್ನವೂ ಗುರುವೂ ದೊರೆತರೆ ಸಾಲದು. ಜನರ ಮುಂದೆ ಕುಳಿತುಕೊಳ್ಳಲು ವೇದಿಕೆಯು ಬೇಕು. ವಿದ್ಯೆಯು ಎಷ್ಟೇ ಇದ್ದರೂ ಹೆಸರಿಲ್ಲದ ತರುಣನನ್ನು ಸಭೆಗೆ ಕರೆಯುವವರು ವಿರಳ. ಸಭೆಗೆ ಕರೆಯದೆ ಹೆಸರು ಬಾರದು. ಈ ಗಂಟನ್ನು ಬಿಡಿಸತಕ್ಕವನು ಗುರು. ಸನ್ 1336 ರಲ್ಲಿ ಸ್ಥಾಪಿತವಾದ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು 1936 ರಲ್ಲಿ ಹಂಪೆಯಲ್ಲಿ ಜರುಗಿತು. ಆ ಮಹಾಸಭೆಯಲ್ಲಿ ತರುಣ ಬಸವರಾಜ ರಾಜಗುರುಗಳು ಹಾಡಿದರು. ಅವರಿಗೆ ತಬಲಾ ಸಾಥಿಯನ್ನು ನೀಡಿದವರು ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳು. ಸಭೆಯ ಮಧ್ಯಸ್ಥಾನವು ಶಿಷ್ಯನದು; ಗುರುವಿನ ಸ್ಥಾನವು ಪಕ್ಕದಲ್ಲಿ. ಗಾಯಕನ ಲಯವು ಹೊಸ ಸಭೆಯ ಅಂಜಿಕೆಯಿಂದ ಒಂದು ಮಾತ್ರೆ ಅತ್ತಿತ್ತ ಸರಿದರೂ ಹಿಡಿದು ನಿಲ್ಲಿಸುವ ಕೈ ತಬಲೆಯ ಮೇಲಿದ್ದಿತು. ಶಿಷ್ಯವಾತ್ಸಲ್ಯದ ವಿಷಯದಲ್ಲಿ ಗ್ರಂಥಗಳು ಹೇಳುವದೆಲ್ಲವೂ ಆ ಒಂದು ಸಭೆಯಲ್ಲಿ ಕೃತಿರೂಪಕ್ಕೆ ಬಂದಿತೆಂದರೆ ತಪ್ಪಾಗಲಾರದು.

ಸಂಚಾರಿಯಾಗಿದ್ದ ಗುರುಕುಲವು 1940 ರ ದಶಕದ ಆರಂಭದಲ್ಲಿ ಗದುಗಿನಲ್ಲಿ ನೆಲೆನಿಂತಿತು. 1944 ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಗುರುವು ಕಣ್ಮರೆಯಾದ ಮೇಲೆ ಶಿಷ್ಯರ ಮುಂದೆ ಎರಡು ದಾರಿಗಳು ತೋರಿದವು. ರಾಜಗುರುಗಳು ಹೊರಗೆ ಹೊರಟರು. ಸವಾಯಿ ಗಂಧರ್ವರು, ಸುರೇಶಬಾಬು ಮಾನೆಯವರು ಮೊದಲಾದ ಅನೇಕ ಗುರುಗಳನ್ನು ಸೇವಿಸಿ, ಕರಾಚಿಯವರೆಗೂ ಹೋಗಿ ಉಸ್ತಾದರಿಂದ ವಿದ್ಯೆಯನ್ನು ತಂದರು; 1991 ರಲ್ಲಿ ತೀರಿಕೊಳ್ಳುವವರೆಗೂ ಹಾಡಿದರು, ಕಲಿಸಿದರು. ಮೊದಲ ಗುರುವಿಗೆ ಹಲವು ಗುರುಗಳಿದ್ದರು. ಶಿಷ್ಯನೂ ಅದೇ ದಾರಿಯಲ್ಲಿ ನಡೆದುದು ಆಶ್ಚರ್ಯವಲ್ಲ. ಒಳಗೇ ಉಳಿದು ಆಶ್ರಮದ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು.

ಪುಟ್ಟರಾಜರು ಹಾವೇರಿ ಪ್ರಾಂತದ ದೇವಗಿರಿಯಲ್ಲಿ 1914 ರ ಮಾರ್ಚ್ 3 ರಂದು ಜನಿಸಿದರು. ಎಳೆತನದಲ್ಲಿಯೇ ತಂದೆತಾಯಿಗಳನ್ನೂ ಬಾಲ್ಯದಲ್ಲಿ ದೃಷ್ಟಿಯನ್ನೂ ಕಳೆದುಕೊಂಡ ಅವರನ್ನು ಸೋದರಮಾವನು ಸಲಹಿದನು. ಹುಡುಗನ ಬೆರಳುಗಳು ಹಾರ್ಮೋನಿಯಮ್ಮಿನ ಮೇಲೆ ಸ್ವರವನ್ನು ಹುಡುಕುವದನ್ನು ಕಂಡ ಮಾವನು ಅವರನ್ನು ಪಂಚಾಕ್ಷರಿ ಗವಾಯಿಗಳಿಗೆ ಒಪ್ಪಿಸಿದನು. ಅವರು ಹಿಂದುಸ್ಥಾನಿಯನ್ನು ಗುರುಗಳಿಂದಲೂ ಕರ್ನಾಟಕ ಸಂಗೀತವನ್ನು ಮುಂಡರಗಿಯ ರಾಘವೇಂದ್ರಾಚಾರ್ಯರಿಂದಲೂ ಕಲಿತರು. ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ಅನೇಕ ವಾದ್ಯಗಳಲ್ಲಿ ನಿಪುಣರಾದರು. ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010 ರಲ್ಲಿ ಭಾರತ ಸರ್ಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷದ ಸೆಪ್ಟೆಂಬರ್ 17 ರಂದು ಅವರು ಲಿಂಗೈಕ್ಯರಾದರು. ಅರುವತ್ತಾರು ವರ್ಷಗಳ ಕಾಲ ಒಬ್ಬ ಅಂಧ ಗುರುವು ಅಂಧರ ಮನೆಯನ್ನು ನಡೆಸಿದುದು ಸಂಗೀತದ ಇತಿಹಾಸದಲ್ಲಿ ಸಾಮಾನ್ಯವಾದ ಸಂಗತಿಯಲ್ಲ.

ಈ ಮನೆಯು ನಡೆಯಬೇಕಾದರೆ ನಿತ್ಯವೂ ಅಕ್ಕಿಜೋಳಗಳು ಬೇಕು. ಭಕ್ತರ ಕಾಣಿಕೆಯೊಂದನ್ನೇ ನಂಬಿದರೆ ಬರಗಾಲದ ವರ್ಷದಲ್ಲಿ ಒಲೆ ಉರಿಯದು. ಆದುದರಿಂದ ಪುಟ್ಟರಾಜರು ನಾಟಕವನ್ನು ಆಶ್ರಯಿಸಿದರು. ಶಿವಯೋಗಿ ಸಿದ್ಧರಾಮನ ಚರಿತ್ರೆಯನ್ನು ನಾಟಕವಾಗಿ ಬರೆದು ಆಡಿಸಿದರು. ಬಂದ ಉತ್ಪನ್ನವು ಅಂಧ ಅನಾಥರ ಆಶ್ರಯಕ್ಕೆ ಸಂದಿತು. ಆ ಕಾಲದಲ್ಲಿ ನಾಟಕದವರೆಂದರೆ ಗೌರವಸ್ಥರು ಮೂಗು ಮುರಿಯುತ್ತಿದ್ದರು; ಕಾವಿಯುಟ್ಟವರು ನಾಟಕ ಕಂಪನಿಯನ್ನು ನಡೆಸುವದು ಉಚಿತವೇ ಎಂಬ ಶಂಕೆಗೆ ಅಲ್ಲಿ ಅವಕಾಶವಿದ್ದಿತು. ಶರಣರ ಕಾಯಕತತ್ತ್ವವನ್ನು ಬಲ್ಲವರಿಗೆ ಇದರ ಉತ್ತರವು ದೂರವಿಲ್ಲ. ಬೇಡಿ ತಂದ ಅನ್ನಕ್ಕಿಂತ ದುಡಿದು ತಂದ ಅನ್ನವು ಶ್ರೇಷ್ಠ. ಕಲಾವಿದನ ದುಡಿಮೆಯು ಕಲೆಯೇ. ಮತ್ತೊಂದು ಲಾಭವೂ ಇದರಲ್ಲಿದ್ದಿತು. ಯಾವ ರಂಗಭೂಮಿಯ ಬಾಗಿಲು ಕುರುಡ ಬಾಲಕನಿಗೆ ಮುಚ್ಚಿದ್ದಿತೋ ಅದನ್ನೇ ಅಂಧ ಗುರುವು ತನ್ನ ಕೈಯಿಂದ ತೆರೆದು, ಅದರ ದುಡ್ಡಿನಿಂದ ಅಂಧರನ್ನು ಸಾಕಿದನು.

ಬಾಗಿಲು ತೆರೆದಿತೆಂದ ಮೇಲೆ ಅದರೊಳಗೆ ಬಂದವರೂ ನಾನಾ ವರ್ಗದವರು. ಬಳ್ಳಾರಿ ಸಮೀಪದ ಲಕ್ಷ್ಮೀಪುರದ ವೆಂಕಟೇಶಕುಮಾರರು 1953 ರಲ್ಲಿ ಜನಿಸಿದರು. ಅವರ ತಂದೆ ಹುಲೆಪ್ಪನವರು ಜನಪದ ಗಾಯಕರು, ತೊಗಲುಗೊಂಬೆಯಾಟದವರು. ಗೊಂಬೆಯಾಡಿಸುವವರ ಮನೆಯ ಮಗನು ಖ್ಯಾಲಗಾಯನದ ಪೀಠಕ್ಕೇರುವದು ಹಿಂದಿನ ಕಾಲದಲ್ಲಿ ಕನಸಿಗೂ ಬಾರದ ಮಾತಾಗಿದ್ದಿತು. ಸೋದರಮಾವಂದಿರಾದ ಬೆಳಗಲ್ಲು ವೀರಣ್ಣನವರು 1968 ರಲ್ಲಿ ಅವರನ್ನು ಆಶ್ರಮಕ್ಕೆ ತಂದು ಬಿಟ್ಟರು. ಹನ್ನೆರಡು ವರ್ಷಗಳವರೆಗೆ ಅಲ್ಲಿಯ ಪ್ರಸಾದವನ್ನುಂಡು, ಪುಟ್ಟರಾಜರ ಮುಂದೆ ಕುಳಿತು, ಗ್ವಾಲಿಯರ ಮತ್ತು ಕಿರಾಣಾ ಪದ್ಧತಿಗಳೆರಡನ್ನೂ ಅವರು ಸಾಧಿಸಿದರು. ಮುಂದೆ ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ಬಹುವರ್ಷ ಅಧ್ಯಾಪಕರಾದರು. 2016 ರಲ್ಲಿ ಪದ್ಮಶ್ರೀಯು ಅವರಿಗೆ ಸಂದಿತು. ಹನ್ನೆರಡು ವರ್ಷಗಳೆಂಬ ಈ ಅಂಕಿಯನ್ನು ವಾಚಕರು ಗಮನಿಸಬೇಕು. ಖ್ಯಾಲಗಾಯನವು ಆರು ತಿಂಗಳ ಪಾಠಕ್ರಮದಿಂದ ಸಿದ್ಧಿಸುವದಲ್ಲ. ಬಡವನಿಗೆ ಕಲೆಯು ದುರ್ಲಭವಾದದ್ದು ಬುದ್ಧಿಯ ಕೊರತೆಯಿಂದಲ್ಲ. ಹನ್ನೆರಡು ವರ್ಷ ದುಡಿಯದೆ ಕಲಿಯುವ ಸ್ವಾತಂತ್ರ್ಯವು ಅವನಿಗಿಲ್ಲದುದರಿಂದ. ಆಶ್ರಮವು ಕೊಟ್ಟ ಅನ್ನದ ನಿಜವಾದ ಅರ್ಥವಿದು: ಅದು ಹೊಟ್ಟೆಗೆ ಆಹಾರವೂ ಹೌದು, ಕಲಿಕೆಗೆ ಕಾಲವೂ ಹೌದು.

ಕೀರ್ತಿವಂತರ ಹೆಸರುಗಳನ್ನಷ್ಟೇ ಎಣಿಸಿದರೆ ಈ ಚರಿತ್ರೆಯು ಅರ್ಧವಾಗುವದು. ಆಶ್ರಮದಲ್ಲಿ ಕಲಿತವರೆಲ್ಲರೂ ಮಹಾಗಾಯಕರಾಗಲಿಲ್ಲ, ಆಗಬೇಕಾದುದೂ ಇಲ್ಲ. ಕೆಲವರು ಸಂಗೀತ ಶಿಕ್ಷಕರಾದರು. ಕೆಲವರು ತಬಲಾ, ಹಾರ್ಮೋನಿಯಂ ಸಾಥಿಗಳಾದರು. ಶ್ರಾವಣ ಮಾಸದಲ್ಲಿ ಉತ್ತರ ಕರ್ನಾಟಕದ ಮಠಗಳಲ್ಲಿ ಪುರಾಣಪ್ರವಚನವು ನಡೆಯುವಾಗ ಶಾಸ್ತ್ರಿಗಳ ಎಡಬಲದಲ್ಲಿ ಒಬ್ಬ ಗವಾಯಿಯೂ ಒಬ್ಬ ತಬಲಜಿಯೂ ಕುಳಿತಿರುವದು ರೂಢಿ. ಆ ಎರಡು ಆಸನಗಳು ಎಷ್ಟೋ ಬಡ ಕಲಾವಿದರ ಮನೆಗಳಿಗೆ ಅನ್ನವನ್ನೊದಗಿಸಿವೆ. ಬೇಡುವ ಕೈಯನ್ನು ಬಾರಿಸುವ ಕೈಯನ್ನಾಗಿ ಮಾಡಿದ ಯಶಸ್ಸು ಈ ಅನಾಮಿಕರ ಬಾಳಿನಲ್ಲಿಯೇ ಹೆಚ್ಚಾಗಿ ಕಾಣುವದು.

ಈ ಕಾರ್ಯವು ಮೂರು ತಲೆಗಳವರೆಗೆ ಕೆಡದೆ ಸಾಗಿದುದಕ್ಕೆ ಮೂಲವನ್ನು ಹುಡುಕಿದರೆ ಅದು ವಿರಕ್ತಪರಂಪರೆಯಲ್ಲಿಯೇ ದೊರೆಯುವದು. ಘರಾಣೆಯಲ್ಲಿ ವಿದ್ಯೆಯು ರಕ್ತವನ್ನನುಸರಿಸಿ ಹರಿಯಿತು. ವಿರಕ್ತನಿಗೆ ಮಗನಿಲ್ಲ; ಶಿಷ್ಯನೇ ಅವನ ಉತ್ತರಾಧಿಕಾರಿ. ಕುಮಾರಸ್ವಾಮಿಗಳಿಂದ ಪಂಚಾಕ್ಷರಿ ಗವಾಯಿಗಳು, ಅವರಿಂದ ಪುಟ್ಟರಾಜರು ಪಡೆದ ಅಧಿಕಾರವು ಈ ಬಗೆಯದು. ಮಠದ ಈ ಪದ್ಧತಿಯನ್ನು ಸಂಗೀತಕ್ಕೆ ಅನ್ವಯಿಸಿದುದರಿಂದ, ಯಾವ ಮನೆತನಕ್ಕೂ ಸೇರದ ಬಾಲಕನಿಗೆ ಒಂದು ಮನೆತನವು ದೊರೆಯಿತು. ಪಡೆದವನು ಕೊಡುವವನಾಗಬೇಕೆಂಬ ನಿಯಮವೂ ಅದರೊಡನೆ ಬಂದಿತು. ಅನ್ನ, ಗುರು, ವೇದಿಕೆ ಈ ಮೂರನ್ನು ಹೊರಗಿನ ದಾನಿಗಳೂ ಕೊಡಬಲ್ಲರು. ಕಲಿಸುವ ಅಧಿಕಾರವೆಂಬ ನಾಲ್ಕನೆಯದನ್ನು ಪರಂಪರೆಯೊಂದೇ ಕೊಡಬಲ್ಲದು. ಆ ನಾಲ್ಕನೆಯದು ಇಲ್ಲದಿದ್ದರೆ ಅಂಧ ಗಾಯಕನು ಎಷ್ಟು ಚೆನ್ನಾಗಿ ಹಾಡಿದರೂ ಜನರ ಕಣ್ಣಿನಲ್ಲಿ ಕನಿಕರಕ್ಕೆ ಪಾತ್ರನಾಗಿಯೇ ಉಳಿಯುವನು. ಅದು ಬಂದೊಡನೆ ಅವನು ಗುರುವೆನಿಸುವನು.

ಇಷ್ಟಾದರೂ ಒಂದು ಸಂಗತಿಯನ್ನು ಮರೆಮಾಡಲಾಗದು. ಇಂಥ ಸಂಸ್ಥೆಗಳು ಮಹಾವ್ಯಕ್ತಿಗಳ ತಪಸ್ಸಿನಿಂದ ಬೆಳೆಯುವವು. ಆ ವ್ಯಕ್ತಿಗಳು ಮರೆಯಾದಾಗ ಅವುಗಳ ಪರೀಕ್ಷೆಯ ಕಾಲವು ಬರುವದು. ಗದ್ದುಗೆಗೆ ಹೂವಿನ ಅಲಂಕಾರವು ಹೆಚ್ಚಿ, ಪಾಠದ ಕೋಣೆಯಲ್ಲಿ ತಂಬೂರಿಯ ಧ್ವನಿಯು ತಗ್ಗಿದರೆ ಪರಂಪರೆಯ ಹೆಸರು ಮಾತ್ರ ಉಳಿದೀತು. ಪುಟ್ಟರಾಜರ ತರುವಾಯ ಶ್ರೀ ಕಲ್ಲಯ್ಯಜ್ಜನವರು ಹೊತ್ತ ಹೊಣೆಯು ಆದುದರಿಂದಲೇ ಹಗುರವಾದುದಲ್ಲ. ಆ ಹೊಣೆಯು ಗದುಗಿನ ಒಂದು ಆಶ್ರಮಕ್ಕೆ ಮಾತ್ರ ಸೇರಿದುದೂ ಅಲ್ಲ. ಮಹೋತ್ಸವಗಳನ್ನು ಆಚರಿಸುವ ಪ್ರತಿಯೊಂದು ಮಠವೂ ತನ್ನ ಪುರಾಣದ ವೇದಿಕೆಯ ಮೇಲೆ ಹೆಸರಿಲ್ಲದ ಒಬ್ಬ ತರುಣನಿಗೆ, ಅಂಧನಿರಲಿ ಅಲೆಮಾರಿ ಕುಲದವನಿರಲಿ, ಒಂದು ಆಸನವನ್ನು ತೆರವಿಟ್ಟರೆ, ಅವನು ನುರಿತವನಾಗುವವರೆಗೆ ನುರಿತ ಸಾಥಿಯೊಬ್ಬನನ್ನು ಪಕ್ಕದಲ್ಲಿ ಕೂಡ್ರಿಸಿದರೆ, ಹಂಪೆಯಲ್ಲಿ 1936 ರಲ್ಲಿ ಕಂಡ ನೋಟವು ಊರೂರಿನಲ್ಲಿ ಕಾಣುವದು. ಕಾಡಶೆಟ್ಟಿಹಳ್ಳಿಯ ಇಬ್ಬರು ಬಾಲಕರ ಹಾಡಿಗೆ ಒಬ್ಬ ಯತಿಯು ಕಿವಿಗೊಟ್ಟುದರಿಂದ ಇಷ್ಟೆಲ್ಲವೂ ಆಯಿತು. ಹಾಗೆ ಕಿವಿಗೊಡುವ ಗುಣವು ಮಠಗಳಲ್ಲಿ ಎಂದಿಗೂ ಬತ್ತದಿರಲಿ. ಗುರುಪರಂಪರೆಯು ಅಖಂಡವಾಗಿ ಬೆಳಗಲಿ. ಮಂಗಲಮಸ್ತು.